ಸ್ವಿಚ್ ಹಾಕುವ ಮೊದಲು ಮುಚ್ಚಳ ಬಿಚ್ಚಿ: ಬಿಬಿಸಿ ಮೈಕ್ರೋದ ಪವರ್ ಸಪ್ಲೈ ದುರಸ್ತಿ

ಮೇಜಿನ ಮೇಲಿರುವ ಈ ಬಂಗಾರದ ಬಣ್ಣದ ತಗಡಿನ ಡಬ್ಬಿ ನೋಡಿ. ಬಿಬಿಸಿ ಮೈಕ್ರೋ ಮಾಡೆಲ್ ಬಿ ಕಂಪ್ಯೂಟರಿನ ಪವರ್ ಸಪ್ಲೈ ಇದು. ಹಳೇ ಮೆಷೀನ್ ಕೈಗೆ ಸಿಕ್ಕಿದಾಗ ಎಲ್ಲರೂ ಮಾಡುವ ತಪ್ಪು ಒಂದೇ: ‘ಒಂದ್ಸಲ ಹಾಕಿ ನೋಡೋಣ’ ಅಂತ ಪ್ಲಗ್ ಚುಚ್ಚುವುದು. ಹತ್ತಾರು ವರ್ಷ ಕಪಾಟಿನಲ್ಲಿ ಮಲಗಿದ್ದ ಸಪ್ಲೈಗೆ ಹಾಗೆ ಮಾಡಿದರೆ ಮೊದಲ ಐದು ನಿಮಿಷ ಎಲ್ಲ ಸರಿಯಾಗಿಯೇ ಕಾಣಬಹುದು. ಪರದೆ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಅಂತ ಬರುತ್ತದೆ, ನೀವು ಖುಷಿಯಲ್ಲಿ ಫೋಟೋ ತೆಗೆಯುತ್ತಿರುತ್ತೀರಿ. ಅಷ್ಟರಲ್ಲಿ ಹಿಂದಿನಿಂದ ಚಟ್ ಅನ್ನುವ ಸದ್ದು, ಆಮೇಲೆ ದಟ್ಟ ಹೊಗೆ.

ಈ ಮೆಷೀನ್ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿಯದು, 1981ರ ಕೊನೆಗೆ ಬಂದದ್ದು. ನಮ್ಮ ದೇಶಕ್ಕೂ ಇದಕ್ಕೂ ನಂಟಿದೆ. 1984ರಲ್ಲಿ ಶುರುವಾದ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ ‘ಕ್ಲಾಸ್’ ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಹೋದದ್ದು ಬಿಬಿಸಿ ಮೈಕ್ರೋಗಳೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನೇ ‘ಯೂನಿಕಾರ್ನ್’ ಹೆಸರಿನಲ್ಲಿ ತಯಾರಿಸಿತ್ತು. ಹಾಗಾಗಿ ಶಾಲೆಯ ಹಳೇ ಸಾಮಾನಿನ ಕೋಣೆಯಲ್ಲೋ ಗುಜರಿಯಲ್ಲೋ ಇಂಥದೊಂದು ಸಿಕ್ಕರೆ ಆಶ್ಚರ್ಯಪಡಬೇಡಿ. ಇಂಗ್ಲೆಂಡಿನ 240 ವೋಲ್ಟ್, 50 ಹರ್ಟ್ಸ್‌ಗೆ ಮಾಡಿದ ಸಪ್ಲೈ ನಮ್ಮ ಕರೆಂಟಿನಲ್ಲಿ ಹಾಗೇ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ.

ತೀರಾ ಮೊದಲಿನ ಮೆಷೀನುಗಳಲ್ಲಿ ಕಪ್ಪು ಡಬ್ಬಿಯ ಲೀನಿಯರ್ ಸಪ್ಲೈ ಇತ್ತು, ಅಂದರೆ ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆಯುವ ಬಗೆ. ಅದು ವಿಪರೀತ ಕಾಯುತ್ತಿದ್ದುದರಿಂದ ಏಕಾರ್ನ್ ಸ್ವಿಚ್ ಮೋಡ್‌ಗೆ, ಅಂದರೆ ಕರೆಂಟನ್ನು ವೇಗವಾಗಿ ಹಾಕಿ ಆರಿಸಿ ವೋಲ್ಟೇಜ್ ಹಿಡಿತದಲ್ಲಿಡುವ ಬಗೆಗೆ, ಬದಲಾಯಿತು. ನಿಮಗೆ ಸಿಗುವುದು ಬಹುಮಟ್ಟಿಗೆ ಈ ಎರಡನೆಯ ಬಗೆ, ಆಸ್ಟೆಕ್ ತಯಾರಿಕೆಯದು. ಮೈನ್‌ಬೋರ್ಡಿಗೆ ಪ್ಲಸ್ 5 ವೋಲ್ಟ್ 3.75 ಆಂಪ್‌ವರೆಗೆ, ಜೊತೆಗೆ ಚೂರು ಮೈನಸ್ 5 ವೋಲ್ಟ್. ಮೆಷೀನಿನ ತಳದಲ್ಲಿರುವ ಆರು ಪಿನ್ನಿನ ಸಾಕೆಟ್ಟಿಗೆ ಇವೆರಡರ ಜೊತೆ 12 ವೋಲ್ಟ್ ಕೂಡ ಬರುತ್ತದೆ, ಡಿಸ್ಕ್ ಡ್ರೈವಿಗೆಂದು.

ಈಗ ಹೊಗೆಯ ವಿಷಯ. ಮೈನ್ಸ್, ಅಂದರೆ ಗೋಡೆಯ ಸಾಕೆಟ್ಟಿನ ಕರೆಂಟ್, ಒಳಗೆ ಬರುವ ಕಡೆ, ಲೈನ್ ಮತ್ತು ನ್ಯೂಟ್ರಲ್ ನಡುವೆ ವಿದ್ಯುತ್ ಗದ್ದಲ ಸೋಸುವ ಎರಡು ಫಿಲ್ಟರ್ ಕೆಪಾಸಿಟರ್‌ಗಳಿವೆ. ಬೋರ್ಡಿನ ಮೇಲೆ ಸಿ1, ಸಿ2 ಅಂತ ಬರೆದಿರುತ್ತದೆ. ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ರಿಫಾ ಕಂಪನಿಯವು, ಒಳಗೆ ಲೋಹ ಲೇಪಿಸಿದ ಕಾಗದ, ಹೊರಗೆ ಜೇನುತುಪ್ಪದ ಬಣ್ಣದ ಪಾರದರ್ಶಕ ಎಪಾಕ್ಸಿ. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು ಕಾಣುತ್ತದೆ. ಆ ಬಿರುಕಿನಿಂದ ವರ್ಷಗಟ್ಟಲೆ ತೇವ ಒಳಗೆ ಹೋಗಿ ಕಾಗದ ಅದನ್ನು ಹೀರಿಕೊಂಡಿರುತ್ತದೆ. ಮೈನ್ಸ್ ಕೊಟ್ಟಾಗ ಸೋರಿಕೆ ಕರೆಂಟ್ ಹರಿದು ಕಾಯುತ್ತದೆ, ಕಾದಷ್ಟೂ ಸೋರಿಕೆ ಹೆಚ್ಚುತ್ತದೆ, ಕೊನೆಗೆ ಹೊಟ್ಟೆ ಒಡೆಯುತ್ತದೆ. ಮಳೆಗಾಲದಲ್ಲಿ, ಕರಾವಳಿ ಮಲೆನಾಡುಗಳಲ್ಲಿ ಇಟ್ಟಿದ್ದ ಮೆಷೀನಾದರೆ ಕೇಳಲೇಬೇಡಿ. ಇನ್ನೊಂದು ಸಂಗತಿ: ಇವುಗಳ ಮೇಲೆ 250 ವೋಲ್ಟ್ ಎಸಿ ಅಂತ ಬರೆದಿರುತ್ತದೆ. ರಾತ್ರಿ ಹೊತ್ತು ನಮ್ಮ ಎಷ್ಟೋ ಊರುಗಳಲ್ಲಿ ಲೈನೇ ಅಷ್ಟಕ್ಕೆ ಏರುತ್ತದೆ. ಬಿರುಕು ಕಾಣಲಿಲ್ಲವೆಂದರೂ ಬಿಡಬೇಡಿ. ರಿಫಾ ಕಂಡರೆ ತೆಗೆಯಿರಿ, ಚರ್ಚೆಯೇ ಬೇಡ.

ಆದರೆ ಈ ಹೊಗೆ ನೋಡಿ ಮೆಷೀನೇ ಹೋಯಿತು ಅಂತ ಅಳಬೇಕಾಗಿಲ್ಲ. ಅದು ಬರೀ ಫಿಲ್ಟರ್. ಸಿಡಿದ ಮೇಲೂ ಕಂಪ್ಯೂಟರ್ ಏನೂ ಆಗದ ಹಾಗೆ ನಡೆಯುತ್ತಿರುವುದುಂಟು. ಹೊಗೆ ಕಾರುವ ಸಪ್ಲೈ ಬೇರೆ, ಮೆಷೀನನ್ನು ಕೊಲ್ಲುವ ಸಪ್ಲೈ ಬೇರೆ. ಎರಡನೆಯದಕ್ಕೆ ಉದಾಹರಣೆ ಕಮೋಡೋರ್ 64ರ ಇಟ್ಟಿಗೆಯಂಥ ಅಡಾಪ್ಟರ್. ಒಳಗೆ ಪೂರ್ತಿ ಎಪಾಕ್ಸಿ ಸುರಿದಿರುತ್ತಾರೆ, ಬಿಸಿ ಹೊರಗೆ ಹೋಗುವುದಿಲ್ಲ, ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟ್ ಇಳಿಯುವ ಬದಲು ಏರುತ್ತದೆ. ಸದ್ದಿಲ್ಲ, ವಾಸನೆಯಿಲ್ಲ, ರ‍್ಯಾಮ್ ಚಿಪ್ಪುಗಳು ಸಾಲಾಗಿ ಸಾಯುತ್ತವೆ. ಆ ಇಟ್ಟಿಗೆಯನ್ನು ರಿಪೇರಿ ಮಾಡುವ ಗೋಜಿಗೇ ಹೋಗಬೇಡಿ, ಹೊಸದು ಹಾಕಿ. ಝಡ್‌ಎಕ್ಸ್ ಸ್ಪೆಕ್ಟ್ರಮ್‌ನದು ಮತ್ತೊಂದು ಬಗೆಯ ಬಲೆ: ಅದರ 9 ವೋಲ್ಟ್ ಜ್ಯಾಕಿನಲ್ಲಿ ನಡುವಿನದು ಮೈನಸ್. ಮನೆಯಲ್ಲಿ ಬಿದ್ದಿರುವ 9 ವೋಲ್ಟ್ ಅಡಾಪ್ಟರುಗಳಲ್ಲಿ ಬಹುಪಾಲಿನವಕ್ಕೆ ನಡುವಿನದು ಪ್ಲಸ್. ಚುಚ್ಚಿದರೆ ಮುಗಿಯಿತು. ಇವೆರಡರ ಪಕ್ಕ ಇಟ್ಟು ನೋಡಿದರೆ ಬಿಬಿಸಿಯ ಸಪ್ಲೈ ಸಾಧು ಪ್ರಾಣಿ. ಬಿಚ್ಚಬಹುದು, ಓದಬಹುದು, ಸರಿಮಾಡಬಹುದು.

ಬಿಚ್ಚುವ ಮೊದಲು ಪ್ಲಗ್ ನೋಡಿ. ಇಂಗ್ಲೆಂಡಿನ ಚೌಕ ಪಿನ್ನಿನ ಪ್ಲಗ್ ಒಳಗೆ 3 ಆಂಪ್ ಫ್ಯೂಸ್ ಇರುತ್ತದೆ. ಅದನ್ನು ಕತ್ತರಿಸಿ ನಮ್ಮ ಮೂರು ಪಿನ್ನಿನ ಪ್ಲಗ್ ಹಾಕಿದವರು ಆ ಫ್ಯೂಸನ್ನೂ ಕತ್ತರಿಸಿ ಬಿಸಾಡಿದ ಹಾಗಾಯಿತು. ಈಗ ವೈರಿಗೆ ಕಾವಲಾಗಿ ಉಳಿದದ್ದು ಮನೆಯ ಎಂಸಿಬಿ ಮಾತ್ರ, ಅದು ಈ ತೆಳು ವೈರಿಗೆ ತೀರಾ ದೊಡ್ಡದು. ಕೇಬಲ್ಲಿಗೆ ಫ್ಯೂಸ್ ಹೋಲ್ಡರ್ ಹಾಕಿ, ಅಥವಾ ಫ್ಯೂಸ್ ಇರುವ ಸ್ಪೈಕ್ ಬೋರ್ಡಿನಿಂದ ಕರೆಂಟ್ ಕೊಡಿ. ಬಣ್ಣಗಳೂ ನೆನಪಿರಲಿ: ಕಂದು ಲೈನ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥಿಂಗ್. ನಮ್ಮ ಹಳೇ ವೈರಿಂಗಿನ ಕೆಂಪು ಕಪ್ಪಿಗೆ ಒಗ್ಗಿದವರು ಇಲ್ಲಿ ತಡವರಿಸುತ್ತಾರೆ. ಅರ್ಥಿಂಗ್ ಬಿಡುವ ಹಾಗೇ ಇಲ್ಲ. ಸಪ್ಲೈ ಡಬ್ಬಿ ಲೋಹದ್ದು. ಅರ್ಥ್ ಇಲ್ಲದ ಸಾಕೆಟ್ಟಿಗೆ ಹಾಕಿದರೆ ಫಿಲ್ಟರಿನ ಸೋರಿಕೆಯಿಂದ ಕೈ ಜುಂ ಅನ್ನಬಹುದು. ಒಳಗೆ ಏನಾದರೂ ಶಾರ್ಟ್ ಆದ ದಿನ ಬರೀ ಜುಂ ಅನ್ನುವುದಿಲ್ಲ. ಪ್ಲಗ್ಗಿನ ಅರ್ಥ್ ಪಿನ್ನಿಗೂ ಡಬ್ಬಿಯ ತಗಡಿಗೂ ಮಲ್ಟಿಮೀಟರ್ ಹಿಡಿದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು.

ಮೆಷೀನಿನ ಮೇಲ್ಮುಚ್ಚಳಕ್ಕೆ ನಾಲ್ಕು ಸ್ಕ್ರೂ: ಹಿಂದೆ ಎರಡು, ತಳದಲ್ಲಿ ಎರಡು. ಪಕ್ಕದಲ್ಲಿ ‘ಫಿಕ್ಸ್’ ಅಂತ ಬರೆದಿರುತ್ತದೆ. ಮುಚ್ಚಳ ತೆಗೆದರೆ ಎಡಗಡೆ ಸಪ್ಲೈ. ಅದರಿಂದ ಬೋರ್ಡಿಗೆ ಏಳು ವೈರು: ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ. ಕೆಂಪು 5 ವೋಲ್ಟ್, ಕಪ್ಪು ಸೊನ್ನೆ, ನೇರಳೆ ಮೈನಸ್ 5. ಸ್ಕೂಟರಿನ ವೈರಿಂಗಿನಲ್ಲಿರುವಂಥ ಸ್ಪೇಡ್ ಕ್ಲಿಪ್ಪುಗಳು. ಕೀಳುವ ಮೊದಲು ಫೋಟೋ ತೆಗೆಯಿರಿ. ನೇರಳೆಯನ್ನು ಕೆಂಪಿನ ಜಾಗಕ್ಕೆ ಹಾಕಿದರೆ ಆಮೇಲಿನ ರಿಪೇರಿಯ ಉಪನ್ಯಾಸ ಬೇರೆಯೇ. ವೈರು ಹಿಡಿದು ಎಳೆಯಬೇಡಿ, ಕ್ಲಿಪ್ಪನ್ನೇ ಮೂತಿ ಚೂಪಿನ ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸುತ್ತಾ ಎತ್ತಿ. ಮೆಷೀನನ್ನು ಮಗುಚಿದರೆ ತಳದಲ್ಲಿ ಸಪ್ಲೈ ಹಿಡಿದಿರುವ ಮೂರು ಸ್ಕ್ರೂ. ಅಷ್ಟೇ, ಡಬ್ಬಿ ಕೈಗೆ ಬರುತ್ತದೆ.

ಡಬ್ಬಿ ಬಿಚ್ಚಿದಾಗ ಒಳಗಿನ ದೊಡ್ಡ ಕೆಪಾಸಿಟರಿಗೆ ಮರ್ಯಾದೆ ಕೊಡಿ. 230 ವೋಲ್ಟ್ ಎಸಿಯನ್ನು ನೇರವಾಗಿ ಡಿಸಿ ಮಾಡಿದರೆ ಸುಮಾರು 325 ವೋಲ್ಟ್, ಅದು ಕೂತಿರುವುದು ಅಲ್ಲಿ. ಸರಿಯಾಗಿರುವ ಸಪ್ಲೈನಲ್ಲಿ ತಾನಾಗಿಯೇ ಖಾಲಿಯಾಗುತ್ತದೆ. ಕೆಟ್ಟ ಸಪ್ಲೈನಲ್ಲಿ, ಅಂದರೆ ಮುಂದಿನ ಸರ್ಕ್ಯೂಟ್ ಕರೆಂಟನ್ನು ಎಳೆಯದೆ ನಿಂತಿರುವಾಗ, ತುಂಬಿಕೊಂಡೇ ಇರಬಹುದು. ಕೆಟ್ಟದ್ದನ್ನೇ ಅಲ್ಲವೇ ನೀವು ಬಿಚ್ಚುವುದು? ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಶೂರರಾಗುತ್ತಾರೆ. ಅದರಿಂದ ಕೆಪಾಸಿಟರಿಗೂ ಬೋರ್ಡಿನ ತಾಮ್ರಕ್ಕೂ ಏಟು. 2.2 ಕಿಲೋ ಓಮ್, 5 ವಾಟ್‌ನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಎರಡು ವೈರು ಬೆಸೆದು ಐದು ಸೆಕೆಂಡ್ ಮುಟ್ಟಿಸಿ, ಆಮೇಲೆ ಮೀಟರಿನಲ್ಲಿ ಅಳೆದು ಸೊನ್ನೆ ಹತ್ತಿರ ಬಂದಿದೆಯೋ ನೋಡಿ. 100 ಮೈಕ್ರೋಫ್ಯಾರಡ್ ಇದ್ದರೆ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಖಾಲಿ. ಉಳಿದ ನಾಲ್ಕು ಸೆಕೆಂಡ್ ನಿಮ್ಮ ನೆಮ್ಮದಿಗೆ.

ಈಗ ಕರೆಂಟ್ ಕೊಡದೆಯೇ ಫ್ಯೂಸ್ ನೋಡಿ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಸಣ್ಣ ಓವರ್‌ಲೋಡ್, ಅಥವಾ ಬರೀ ಮುಪ್ಪು. ಗಾಜಿನ ಒಳಗೆ ಕಪ್ಪೋ ಕನ್ನಡಿಯ ಹಾಗೆ ಬೆಳ್ಳಿಯೋ ಬಳಿದಿದ್ದರೆ ನೇರ ಶಾರ್ಟ್. ಹಾಗಿದ್ದಾಗ ಹೊಸ ಫ್ಯೂಸ್ ಹಾಕಿ ಅದೃಷ್ಟ ಪರೀಕ್ಷಿಸಬೇಡಿ. ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್ ಮತ್ತು ಹೀಟ್‌ಸಿಂಕಿಗೆ ಕಚ್ಚಿಕೊಂಡಿರುವ ಸ್ವಿಚಿಂಗ್ ಟ್ರಾನ್ಸಿಸ್ಟರ್, ಎರಡನ್ನೂ ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ನೋಡಿ. ಟ್ರಾನ್ಸಿಸ್ಟರಿನ ಕಲೆಕ್ಟರ್-ಎಮಿಟರ್ ಎರಡೂ ದಿಕ್ಕಿನಲ್ಲಿ ಸೊನ್ನೆ ತೋರಿಸಿದರೆ ಅದು ಸತ್ತಿದೆ. ಸಾಯುವಾಗ ಒಬ್ಬಂಟಿಯಾಗಿ ಸಾಯುವುದಿಲ್ಲ, ಎಮಿಟರ್ ದಾರಿಯಲ್ಲಿರುವ ಚಿಕ್ಕ ಓಮ್‌ನ ರೆಸಿಸ್ಟರನ್ನೂ ಅದನ್ನು ನಡೆಸುವ ಚಿಕ್ಕ ಟ್ರಾನ್ಸಿಸ್ಟರನ್ನೂ ಜೊತೆಗೆ ಕರೆದೊಯ್ದಿರುತ್ತದೆ. ಒಂದನ್ನೇ ಬದಲಿಸಿ ಹಾಕಿದರೆ ಹೊಸದೂ ಅರೆಕ್ಷಣದಲ್ಲಿ ಹೋಗುತ್ತದೆ.

ಕೆಪಾಸಿಟರ್ ಕೊಳ್ಳುವ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡೋಣ, ತಪ್ಪಾಗುವುದು ಇಲ್ಲೇ. ಬೆಂಗಳೂರಿನ ಎಸ್‌ಪಿ ರೋಡಿನ ಯಾವುದೇ ಅಂಗಡಿಯಲ್ಲಿ ‘104 ಎಕ್ಸ್2, 275 ವೋಲ್ಟ್ ಎಸಿ’ ಅಂತ ಕೇಳಿ, 104 ಅಂದರೆ 0.1 ಮೈಕ್ರೋಫ್ಯಾರಡ್. ಚಿಕ್ಕದಕ್ಕೆ ‘103’. 310 ವೋಲ್ಟ್‌ನದು ಸಿಕ್ಕರೆ ಇನ್ನೂ ಒಳ್ಳೆಯದು. ಎಕ್ಸ್2 ಇಲ್ಲ, ಇದು ಹಾಕಿ, 630 ವೋಲ್ಟ್ ಇದೆ, ಇನ್ನೂ ಗಟ್ಟಿ ಅಂತ ಅಂಗಡಿಯವರು ಸಾದಾ ಪಾಲಿಯೆಸ್ಟರ್ ಕೆಪಾಸಿಟರ್ ಮುಂದಿಡಬಹುದು. ಬೇಡ. ಆ 630 ಡಿಸಿ ಲೆಕ್ಕ. ಲೈನಿನಲ್ಲಿ ಬರುವ ಸರ್ಜ್ ತಡೆದು, ಒಳಗೆ ತೂತು ಬಿದ್ದರೂ ತಾನೇ ಮುಚ್ಚಿಕೊಂಡು, ಬೆಂಕಿ ಹತ್ತದ ಹಾಗೆ ಪರೀಕ್ಷೆಯಾಗಿ ಬಂದದ್ದಕ್ಕೆ ಮಾತ್ರ ಎಕ್ಸ್2 ಗುರುತು. ಲೈನಿನಿಂದ ಅರ್ಥಿಗೆ ಹೋಗುವ ಜಾಗವಾದರೆ ಎಕ್ಸ್ ಕೂಡ ಸಲ್ಲದು, ಅಲ್ಲಿ ವೈ ವರ್ಗದ್ದೇ ಬೇಕು. ಅದು ಶಾರ್ಟ್ ಆದರೆ ಡಬ್ಬಿಗೇ ಕರೆಂಟ್ ಬರುತ್ತದೆ ಅನ್ನುವುದು ಕಾರಣ. ಹೊಸವು ಪಾಲಿಪ್ರೊಪಿಲಿನ್‌ನವು, ಕಾಲುಗಳ ಅಂತರ ಹಳೆಯದಕ್ಕಿಂತ ಬೇರೆ ಇರಬಹುದು. ರಿಫಾದ 0.1ರ ಕಾಲುಗಳ ನಡುವೆ ಸುಮಾರು 20 ಮಿಲಿಮೀಟರ್. ಅಂಗಡಿಗೆ ಹೋಗುವಾಗ ಹಳೆಯದನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅಂತರ ಕಡಿಮೆಯಿದ್ದರೆ ಕಾಲುಗಳಿಗೆ ಸ್ಲೀವ್ ಹಾಕಿ ಅಗಲಿಸಿ, ಬರೀ ಕಂಬಿ ತಗಡಿನ ಹತ್ತಿರ ಸುಳಿಯಬಾರದು.

ಕೀಳಲು 25 ವಾಟ್ ಐರನ್ ಸಾಲದೇ ಹೋಗಬಹುದು, ಮೈನ್ಸ್ ಟ್ರ್ಯಾಕುಗಳು ಅಗಲ. ಹಳೇ ಬೆಸುಗೆಗೆ ಮೊದಲು ಚೂರು ಹೊಸ ಲೆಡ್ ಸೇರಿಸಿ ಕರಗಿಸಿ, ಆಮೇಲೆ ಪಂಪಿನಿಂದ ಎಳೆಯಿರಿ. ಕಾಲು ಸಡಿಲವಾಗುವ ಮುನ್ನ ಎಳೆದರೆ ತಾಮ್ರದ ಪ್ಯಾಡೇ ಎದ್ದು ಬರುತ್ತದೆ. ಈಗಾಗಲೇ ಸಿಡಿದಿದ್ದರೆ ಸುತ್ತಲೂ ಕಂದು ಅಂಟು ಕೂತಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ. ಬೋರ್ಡೇ ಸುಟ್ಟು ಇದ್ದಿಲಾಗಿದ್ದರೆ ಆ ಕಪ್ಪನ್ನು ಪೂರ್ತಿ ಕೆರೆದು ತೆಗೆಯಬೇಕು. ಇದ್ದಿಲು ಕರೆಂಟ್ ಹರಿಯಲು ಬಿಡುತ್ತದೆ, ಇವತ್ತಲ್ಲದಿದ್ದರೆ ನಾಳೆ ಅದೇ ಜಾಗ ಮತ್ತೆ ಕಿಡಿ ಕಾರುತ್ತದೆ.

ಮೂರನೆಯ ಕೆಪಾಸಿಟರ್ ಸಿ9, 220 ಮೈಕ್ರೋಫ್ಯಾರಡ್‌ನ ಚಿಕ್ಕ ಎಲೆಕ್ಟ್ರೊಲಿಟಿಕ್. ಇದು ಸಿಡಿಯುವುದಿಲ್ಲ, ಉಬ್ಬುವುದೂ ಅಪರೂಪ, ಬಿಸಿಗೆ ಒಳಗೊಳಗೇ ಒಣಗುತ್ತದೆ. ಸಪ್ಲೈ ಏಳುವುದೇ ಇಲ್ಲ, ಅಥವಾ ಎದ್ದರೂ ಲೋಡ್ ಕೊಟ್ಟಾಗ ಕುಸಿಯುತ್ತದೆ, ಕೀಂ ಅನ್ನುತ್ತದೆ ಅಂದರೆ ಮೊದಲ ಅನುಮಾನ ಇದರ ಮೇಲೆ. ಮೀಟರಿನ ಕೆಪಾಸಿಟೆನ್ಸ್ ರೇಂಜ್ ಇಲ್ಲಿ ದಾರಿ ತಪ್ಪಿಸುತ್ತದೆ. ಅದು 180, 190 ಅಂತ ತೋರಿಸಿ ಪರವಾಗಿಲ್ಲ ಅನ್ನಿಸುತ್ತದೆ. ನೋಡಬೇಕಾದ್ದು ಇಎಸ್‌ಆರ್, ಅಂದರೆ ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್. ಒಂದು ಓಮ್‌ನ ಎಷ್ಟೋ ಒಳಗಿರಬೇಕಾದ್ದು ಹಲವು ಓಮ್ ತೋರಿಸಿದರೆ ಅದರ ಕಥೆ ಮುಗಿದಿದೆ. ಇಎಸ್‌ಆರ್ ಮೀಟರ್ ಇಲ್ಲವೇ? ಅಳೆಯುವ ತಂಟೆಯೇ ಬೇಡ, 220 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ ಒಂದನ್ನು ಹಾಕಿಬಿಡಿ. ಪ್ಲಸ್ ಮೈನಸ್ ನೋಡಿಕೊಂಡು.

ಉಳಿದ ಎಲ್ಲ ಎಲೆಕ್ಟ್ರೊಲಿಟಿಕ್‌ಗಳನ್ನೂ ಒಟ್ಟಿಗೆ ಕಿತ್ತು ಹೊಸದು ಹಾಕುವ ಚಾಳಿ ಕೆಲವರಿಗಿದೆ. ನನ್ನ ಅಭಿಪ್ರಾಯದಲ್ಲಿ ಅದು ಕಾಯಿಲೆಗಿಂತ ಕೆಟ್ಟ ಮದ್ದು. ಇಪ್ಪತ್ತು ಕೆಪಾಸಿಟರ್ ಬದಲಿಸುವಾಗ ಒಂದು ಪ್ಯಾಡ್ ಎದ್ದರೆ, ಒಂದು ಉಲ್ಟಾ ಕೂತರೆ, ಮೊದಲಿಲ್ಲದ ದೋಷವನ್ನು ನೀವೇ ತಂದಿಟ್ಟಿರಿ. ಇವು ಒಳ್ಳೇ ಗುಣಮಟ್ಟದ ಭಾಗಗಳು. ಸಿ1, ಸಿ2, ಸಿ9 ಬದಲಿಸಿ, ಔಟ್‌ಪುಟ್ ಅಳೆಯಿರಿ. ಆಸಿಲೋಸ್ಕೋಪಿನಲ್ಲಿ 5 ವೋಲ್ಟಿನ ರಿಪಲ್, ಅಂದರೆ ಡಿಸಿಯ ಮೇಲಿನ ಏರಿಳಿತ, 50 ಮಿಲಿವೋಲ್ಟ್ ಒಳಗಿದ್ದರೆ ಅವುಗಳ ಪಾಡಿಗೆ ಬಿಡಿ. ಸ್ಕೋಪ್ ಅಂದಾಗ ಒಂದು ಎಚ್ಚರಿಕೆ: ಅದರ ಗ್ರೌಂಡ್ ಕ್ಲಿಪ್ಪನ್ನು ಔಟ್‌ಪುಟ್ ಕಡೆಯ ಸೊನ್ನೆಗೆ ಮಾತ್ರ ಹಾಕಬೇಕು. ಮೈನ್ಸ್ ಕಡೆ ಹಾಕಿದರೆ ಆ ಕ್ಲಿಪ್ ಅರ್ಥಿಗೆ ನೇರ ಶಾರ್ಟ್. ಸಪ್ಲೈ, ಸ್ಕೋಪ್ ಎರಡೂ ಹೋಗುತ್ತವೆ.

ಕರೆಂಟ್ ಕೊಡುವುದು ಸೀರೀಸ್ ಬಲ್ಬಿನ ಮೂಲಕ. ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಹಿಂದೆ ಮರದ ಹಲಗೆಗೆ ಹೋಲ್ಡರ್, ಸಾಕೆಟ್ ಬಡಿದು ಇಟ್ಟಿರುತ್ತಿದ್ದರಲ್ಲ, ಅದೇ. ಲೈನಿಗೆ ಸರಣಿಯಲ್ಲಿ 60 ಅಥವಾ 100 ವಾಟ್‌ನ ಹಳೇ ತಂತಿ ಬಲ್ಬ್, ಒಳಗೆ ಶಾರ್ಟ್ ಇದ್ದರೆ ಕರೆಂಟನ್ನು ಅದು ಹಿಡಿದಿಡುತ್ತದೆ. ಎಲ್‌ಇಡಿ ನಡೆಯುವುದಿಲ್ಲ. ಕಾಲೇಜ್ ಲ್ಯಾಬಿನಲ್ಲಿ ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟ್ಯಾಟ್ ಇದೆ, ನಿಧಾನಕ್ಕೆ ಏರಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಲೀನಿಯರ್ ಸಪ್ಲೈಗೆ ಸರಿ. ಸ್ವಿಚ್ ಮೋಡಿಗೆ ಕಡಿಮೆ ವೋಲ್ಟೇಜ್ ಕೊಟ್ಟಷ್ಟೂ ಅದು ಔಟ್‌ಪುಟ್ ಕಾಯ್ದುಕೊಳ್ಳಲು ಹೆಚ್ಚು ಕರೆಂಟ್ ಎಳೆಯುತ್ತದೆ, ಟ್ರಾನ್ಸಿಸ್ಟರಿಗೆ ಅದೇ ಯಾತನೆ.

ಲೋಡ್ ಇಲ್ಲದೆ ಹಾಕಬಾರದು. 5 ವೋಲ್ಟಿಗೆ 10 ಓಮ್, 10 ವಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಎರಡನ್ನು ಪ್ಯಾರಲಲ್ಲಾಗಿ ಹಾಕಿ: 5 ಓಮ್, 1 ಆಂಪ್. 12 ವೋಲ್ಟಿಗೆ 47 ಓಮ್, 5 ವಾಟ್‌ನದು ಒಂದು. ಕಾರಿನ 12 ವೋಲ್ಟ್ 21 ವಾಟ್ ಬಲ್ಬನ್ನು 5 ವೋಲ್ಟಿಗೆ ಹಾಕಿದರೂ ಸುಮಾರು 1 ಆಂಪ್ ಎಳೆಯುತ್ತದೆ. ಆದರೆ ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್ ತೀರಾ ಕಡಿಮೆ, ಸಪ್ಲೈ ಶಾರ್ಟ್ ಅಂದುಕೊಂಡು ಏಳದೇ ಹೋಗಬಹುದು. ಆಮೇಲೆ ನೀವು ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ.

ಸ್ವಿಚ್ ಹಾಕಿ ಬಲ್ಬನ್ನು ನೋಡಿ. ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯ ಲಕ್ಷಣ: ದೊಡ್ಡ ಕೆಪಾಸಿಟರ್ ತುಂಬಿತು, ಸಪ್ಲೈ ಎದ್ದಿತು. ಪೂರ್ತಿ ಉರಿಯುತ್ತಲೇ ಇದ್ದರೆ ಮೈನ್ಸ್ ಕಡೆ ಶಾರ್ಟ್, ಆರಿಸಿ ಹಿಂದಕ್ಕೆ ಹೋಗಿ. ಬಲ್ಬ್ ಮಿಣುಕುತ್ತಾ ಒಳಗಿಂದ ಟಿಕ್ ಟಿಕ್ ಅಂತ ಬಂದರೆ ಏಳಲು ಹೊರಟು ಬೀಳುತ್ತಿದೆ ಅಂತ ಅರ್ಥ. ಔಟ್‌ಪುಟ್ ಡಯೋಡ್ ಶಾರ್ಟ್ ಇರಬಹುದು. ಬಲ್ಬೇ ಚಿಕ್ಕದಾಗಿ ಸಪ್ಲೈಗೆ ಉಸಿರು ಕಟ್ಟುತ್ತಿರಬಹುದು ಕೂಡ, 60 ಇದ್ದರೆ 100 ಹಾಕಿ ನೋಡಿ, ಆಮೇಲೆ ತೀರ್ಮಾನ. ಬಲ್ಬೂ ಉರಿಯದೆ ಸಪ್ಲೈಯೂ ಏಳದಿದ್ದರೆ, ಫ್ಯೂಸ್ ಸರಿಯಿದ್ದೂ ಹೀಗಾದರೆ, ದೊಡ್ಡ ಕೆಪಾಸಿಟರಿನಲ್ಲಿ 325 ತುಂಬಿಕೊಂಡಿದೆ ಅಂತಲೇ ಭಾವಿಸಿ ಕೈಯಿಡಿ.

5 ವೋಲ್ಟ್ 4.9ರಿಂದ 5.2ರ ನಡುವೆ ನಿಂತರೆ ಬಲ್ಬಿಲ್ಲದೆ ನೇರ ಮೈನ್ಸಿನಲ್ಲಿ ಅರ್ಧ ಗಂಟೆ ಓಡಿಸಿ, ರೆಸಿಸ್ಟರ್ ಮುಟ್ಟಬೇಡಿ, ಕೈ ಸುಡುತ್ತದೆ. ಆಮೇಲೆಯೇ ಮೆಷೀನಿಗೆ.

ಬಹಳ ಜನ ಸಪ್ಲೈ ರಿಪೇರಿ ಮಾಡಿ, ವೋಲ್ಟೇಜ್ ಅಳೆದು, ಎಲ್ಲ ಸರಿಯಿದೆ ಆದರೂ ಮೆಷೀನ್ ಆಗಾಗ ಹ್ಯಾಂಗ್ ಆಗುತ್ತದೆ ಅನ್ನುವುದು ಇಲ್ಲಿಂದಾಚೆಗೆ. ಅವರು ಅಳೆದದ್ದು ಸಪ್ಲೈ ಬಾಯಲ್ಲಿ. ಚಿಪ್ಪಿನ ಬಾಯಲ್ಲಿ ಅಳೆಯಿರಿ. ಮೆಷೀನಿನ ಪ್ರೊಸೆಸರ್ ಆದ 6502ನಲ್ಲಿ ಪಿನ್ 8 ಮತ್ತು ಪಿನ್ 21ರ ನಡುವೆ ನೋಡಬಹುದು, ಆದರೆ ಪ್ರೋಬ್ ಜಾರಿದರೆ ಅಕ್ಕಪಕ್ಕದ ಪಿನ್ ಶಾರ್ಟ್. 5 ವೋಲ್ಟ್ ಮತ್ತು ಸೊನ್ನೆ ಮೂಲೆಯ ಪಿನ್‌ಗಳಲ್ಲೇ ಇರುವ ಟಿಟಿಎಲ್ ಚಿಪ್ (ಚಿಕ್ಕ ಲಾಜಿಕ್ ಚಿಪ್) ಸುಲಭ: 14 ಪಿನ್ನಿನದಾದರೆ 7 ಮತ್ತು 14, 16ರದಾದರೆ 8 ಮತ್ತು 16. ಅಲ್ಲಿ 4.75ಕ್ಕಿಂತ ಕಡಿಮೆ ಬಂದರೆ ತಪ್ಪು ಆ ಸ್ಪೇಡ್ ಕ್ಲಿಪ್ಪುಗಳದು. 3 ಆಂಪ್ ಹರಿಯುವಾಗ 0.1 ಓಮ್ ಕಿಲುಬು ಸಾಕು, 0.3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬೋರ್ಡಿನ ನಾಲಗೆಗಳನ್ನು ನಯವಾದ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ಕ್ಲಿಪ್ಪುಗಳನ್ನು ಇಕ್ಕಳದಿಂದ ಚೂರೇ ಬಿಗಿ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಕೆಂಪು ಮೂರನ್ನೂ ಕಪ್ಪು ಮೂರನ್ನೂ ಹಾಕಲೇಬೇಕು. ಎರಡು ಸಾಕು ಅಂತ ಬಿಟ್ಟರೆ ಆ ಭಾರ ಉಳಿದವುಗಳ ಮೇಲೆ. ಮೈನಸ್ 5 ಬಾರದಿದ್ದರೂ ಪರದೆ ಬರುತ್ತದೆ, ಅದಕ್ಕೇ ಅದು ತಪ್ಪಿಸಿಕೊಳ್ಳುತ್ತದೆ. ಕ್ಯಾಸೆಟ್ಟಿನಿಂದ ಲೋಡ್ ಆಗದು, ಆರ್‌ಎಸ್423 (ಸೀರಿಯಲ್ ಪೋರ್ಟ್) ಮಾತಾಡದು ಅಂದಾಗ ನೇರಳೆ ವೈರಿನ ಮೇಲೆ ಮೀಟರ್ ಇಡಿ.

ಸರಿಯಾದ ಮೆಷೀನ್ ಸ್ವಿಚ್ ಹಾಕಿದಾಗ ಮೊದಲು ಕೆಳಸ್ಥಾಯಿಯಲ್ಲಿ ಉದ್ದಕ್ಕೆ, ಆಮೇಲೆ ಮೇಲಿನ ಸ್ವರದಲ್ಲಿ ಚಿಕ್ಕದಾಗಿ ಕೂಗುತ್ತದೆ. ಆ ಕೆಳಗಿನ ಸ್ವರವೇ ನಿಲ್ಲದೆ ಹೊಡೆದುಕೊಳ್ಳುತ್ತಿದ್ದರೆ ಮತ್ತು 5 ವೋಲ್ಟ್ ಚಿಪ್ಪಿನ ಹತ್ತಿರವೂ ಸರಿಯಿದ್ದರೆ, ಸಪ್ಲೈ ನಿರಪರಾಧಿ, ದೋಷ ಬೋರ್ಡಿನದು.

ಟ್ರಾನ್ಸ್‌ಫಾರ್ಮರೇ ಸುಟ್ಟಿದ್ದರೆ, ಅಥವಾ ಬೋರ್ಡ್ ಇದ್ದಿಲಾಗಿದ್ದರೆ ಹಟ ಹಿಡಿಯಬೇಡಿ. 5, 12, ಮೈನಸ್ 12 ಕೊಡುವ ಮೂರು ಔಟ್‌ಪುಟ್ಟಿನ ರೆಡಿಮೇಡ್ ಎಸ್‌ಎಂಪಿಎಸ್ (ಸ್ವಿಚ್ ಮೋಡ್ ಸಪ್ಲೈ) ಸಿಗುತ್ತದೆ. ಮೈನಸ್ 12ರಿಂದ ಒಂದು 7905 ರೆಗ್ಯುಲೇಟರ್ ಹಾಕಿ ಮೈನಸ್ 5 ಮಾಡಿಕೊಳ್ಳಿ. 7905ರ ಪಿನ್‌ಗಳ ಕ್ರಮ 7805ರದಲ್ಲ, ಅದರ ತಗಡಿನ ಬೆನ್ನು ಸೊನ್ನೆಗೆ ಅಲ್ಲ, ಇನ್‌ಪುಟ್ಟಿಗೆ ಸೇರಿರುತ್ತದೆ. ಹಾಗಾಗಿ ಡಬ್ಬಿಗೆ ಬಿಗಿಯುವಾಗ ಮೈಕಾ ಹಾಳೆಯನ್ನೂ ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ಷನ್ನೂ ಮರೆಯಬೇಡಿ. ಹಳೇ ಡಬ್ಬಿಯ ಒಳಗೇ ಇದನ್ನು ಕೂರಿಸಿದರೆ ಹೊರಗಿನಿಂದ ಮೆಷೀನ್ ಇದ್ದ ಹಾಗೇ ಕಾಣುತ್ತದೆ. ಕಿತ್ತ ಹಳೇ ಬೋರ್ಡನ್ನು ಒಂದು ಕವರಿನಲ್ಲಿ ಹಾಕಿ, ಏನು ಕೆಟ್ಟಿತ್ತು ಅಂತ ಚೀಟಿ ಬರೆದು ಎತ್ತಿಡಿ.